ಕಲ್ಲಿದ್ದಲು ಅನಿಲವಾದರೆ ಇಂಗಾಲ ಎಲ್ಲಿಗೆ ಹೋಗುತ್ತದೆ?

ಒಡಿಶಾದ ತಾಲ್ಚೇರಿನಲ್ಲಿ 2018ರಲ್ಲಿ ಯೂರಿಯಾ ಕಾರ್ಖಾನೆಯೊಂದಕ್ಕೆ ಶಂಕುಸ್ಥಾಪನೆ ನಡೆಯಿತು. ವರ್ಷಕ್ಕೆ 12.7 ಲಕ್ಷ ಟನ್ ಯೂರಿಯಾ ತಯಾರಿಸುವ ಯೋಜನೆಯದು. ನಮ್ಮ ಉಳಿದ ಯೂರಿಯಾ ಕಾರ್ಖಾನೆಗಳು ನೈಸರ್ಗಿಕ ಅನಿಲವನ್ನು ನಂಬಿಕೊಂಡಿವೆ; ಆ ಅನಿಲದ ದೊಡ್ಡ ಪಾಲು ವಿದೇಶದಿಂದ ಬರಬೇಕು. ತಾಲ್ಚೇರಿನದು ಕಲ್ಲಿದ್ದಲನ್ನೇ ಅನಿಲವಾಗಿಸಿ ಗೊಬ್ಬರ ಮಾಡುವ ಯೋಜನೆ. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಹೀಗೆ ಬಳಸುವುದು ಕೇಂದ್ರ ಸರ್ಕಾರದ ಗುರಿ. 2024ರ ಜನವರಿಯಲ್ಲಿ ಅದಕ್ಕೆಂದು 8,500 ಕೋಟಿ ರೂಪಾಯಿಯ ಪ್ರೋತ್ಸಾಹಧನಕ್ಕೆ ಸಂಪುಟ ಒಪ್ಪಿಗೆ ಕೊಟ್ಟಿತು. ಹೀಗೆ ಅನಿಲವಾಗಿಸುವುದನ್ನು ‘ಶುದ್ಧ ಕಲ್ಲಿದ್ದಲು’ ಎಂದು ಕರೆಯುವುದುಂಟು. ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಲೆಯಲ್ಲಿ ಇದ್ದಲು ಉರಿಯುವಾಗ ಬೇಕಾದಷ್ಟು ಗಾಳಿ ಸಿಗುತ್ತದೆ. ಅನಿಲೀಕರಣದಲ್ಲಿ ಹಾಗಲ್ಲ. ಮುಚ್ಚಿದ ಉಕ್ಕಿನ ಪಾತ್ರೆಯೊಳಗೆ, ಸಾವಿರ ಡಿಗ್ರಿಯ ಆಸುಪಾಸಿನ ಕಾವಿನಲ್ಲಿ, ಕಲ್ಲಿದ್ದಲಿಗೆ ಹಬೆಯನ್ನೂ ಅಳೆದು ಸುರಿದ ಆಮ್ಲಜನಕವನ್ನೂ ಹಾಯಿಸುತ್ತಾರೆ. ಅದು ಪೂರ್ತಿ ಉರಿಯದೆ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕದ ಮಿಶ್ರಣವಾಗುತ್ತದೆ. ಇದೇ ಸಿನ್‌ಗ್ಯಾಸ್. ಇದರಿಂದ ಗೊಬ್ಬರ, ಮೆಥನಾಲ್, ಡೀಸೆಲ್ ಮಾಡಬಹುದು, ಕಬ್ಬಿಣದ ಅದಿರನ್ನೂ ಕರಗಿಸದೆಯೇ ಕಬ್ಬಿಣವಾಗಿಸಬಹುದು.

ಒಂದು ಲಾಭ ನಿಜ. ಅನಿಲ ಪಾತ್ರೆಯಿಂದ ಹೊರಬರುವಾಗಲೇ ಗಂಧಕ, ಪಾದರಸ, ದೂಳನ್ನು ತೊಳೆದು ತೆಗೆಯಬಹುದು. ಚಿಮಣಿಯ ತುದಿಯಲ್ಲಿ ಹಿಡಿಯುವುದಕ್ಕಿಂತ ಇದು ಸುಲಭ. ಆದರೆ ತೊಳೆದ ನೀರಿನಲ್ಲಿ ಫೀನಾಲ್, ಅಮೋನಿಯ, ಸೈನೈಡ್ ಸೇರಿರುತ್ತವೆ. ಬ್ರಾಹ್ಮಣಿ ನದಿಯ ದಂಡೆಯ ಅಂಗುಲ್-ತಾಲ್ಚೇರ್ ಪ್ರದೇಶ ಈಗಾಗಲೇ ವಿಪರೀತ ಮಾಲಿನ್ಯದ ಪಟ್ಟಿ ಸೇರಿದೆ. ಅಲ್ಲಿನ ಜನರಿಗೆ ಆ ನೀರನ್ನು ಹೇಗೆ ಶುದ್ಧೀಕರಿಸುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯೂ ವಿಪರೀತ, ಅನೇಕ ಗಣಿಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ಅದಕ್ಕೇ ತಾಲ್ಚೇರಿನಲ್ಲಿ ಪೆಟ್‌ಕೋಕ್, ಅಂದರೆ ಕಚ್ಚಾತೈಲ ಸಂಸ್ಕರಣೆಯಲ್ಲಿ ಉಳಿಯುವ, ಬೂದಿ ಕಡಿಮೆಯಿರುವ ಇದ್ದಲು, ಬೆರೆಸುವ ಯೋಜನೆಯಿದೆ.

ಇನ್ನು ಇಂಗಾಲದ ಲೆಕ್ಕ. ಯೂರಿಯಾಕ್ಕೆ ಬೇಕಾದ ಅಮೋನಿಯಕ್ಕೆ ಜಲಜನಕ ಬೇಕು. ಅದಕ್ಕಾಗಿ ಮಾನಾಕ್ಸೈಡನ್ನು ಮತ್ತೆ ಹಬೆಯೊಡನೆ ಸೇರಿಸುತ್ತಾರೆ. ಜಲಜನಕ ಸಿಗುತ್ತದೆ, ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಬರಿ ರಸಾಯನಶಾಸ್ತ್ರದ ಲೆಕ್ಕದಲ್ಲೇ, ಶುದ್ಧ ಇಂಗಾಲದಿಂದ 1 ಕಿಲೋ ಜಲಜನಕ ಪಡೆದರೆ 11 ಕಿಲೋ ಡೈಆಕ್ಸೈಡ್. ಕಾವಿಗೆ ಬೇಕಾದ ಇಂಧನ ಸೇರಿದರೆ ಅದು 20 ಕಿಲೋದ ಹತ್ತಿರ ಹೋಗುತ್ತದೆ. ನೈಸರ್ಗಿಕ ಅನಿಲದಿಂದಾದರೆ ಸುಮಾರು ಅರ್ಧ. ಒಂದಷ್ಟು ಡೈಆಕ್ಸೈಡ್ ಯೂರಿಯಾದೊಳಗೇ ಸೇರುತ್ತದೆ ನಿಜ, ಆದರೆ ಗದ್ದೆಗೆ ಎರಚಿದ ಕೆಲವೇ ದಿನಗಳಲ್ಲಿ ಮಣ್ಣಿನ ಕಿಣ್ವಗಳು ಅದನ್ನು ಬಿಡಿಸಿ ಹೊರಬಿಡುತ್ತವೆ.

ದಾರಿಯೇ ಇಲ್ಲವೆಂದಲ್ಲ. ಅಮೆರಿಕದ ಉತ್ತರ ಡಕೋಟಾದಲ್ಲಿ 1984ರಿಂದ ನಡೆಯುತ್ತಿರುವ ಗ್ರೇಟ್ ಪ್ಲೇನ್ಸ್ ಕಲ್ಲಿದ್ದಲು ಅನಿಲೀಕರಣ ಘಟಕ, 2000ದಿಂದ ತನ್ನ ಡೈಆಕ್ಸೈಡಿನ ಒಂದು ಪಾಲನ್ನು 330 ಕಿಲೋಮೀಟರ್ ಕೊಳವೆಯಲ್ಲಿ ಕೆನಡಾದ ವೇಬರ್ನ್ ತೈಲಕ್ಷೇತ್ರಕ್ಕೆ ಕಳಿಸಿ ನೆಲದಾಳಕ್ಕೆ ಇಳಿಸುತ್ತಿದೆ. ಅಲ್ಲಿ ಅದು ಎಣ್ಣೆಯನ್ನು ಮೇಲಕ್ಕೆ ತಳ್ಳುವ ಕೆಲಸಕ್ಕೆ ಬರುತ್ತದೆ, ಹಾಗಾಗಿ ಕೊಳ್ಳುವವರಿದ್ದಾರೆ. ದಕ್ಷಿಣ ಆಫ್ರಿಕದ ಸೆಕುಂಡಾದಲ್ಲಿ ಅಂಥ ವ್ಯವಸ್ಥೆಯಿಲ್ಲ. ಕಲ್ಲಿದ್ದಲಿನಿಂದ ಇಂಧನ ತೆಗೆಯುವ ಆ ಘಟಕ, ಒಂದೇ ಜಾಗದಿಂದ ಅತಿ ಹೆಚ್ಚು ಡೈಆಕ್ಸೈಡ್ ಉಗುಳುವ ಜಗತ್ತಿನ ತಾಣಗಳಲ್ಲಿ ಒಂದು.

ಆಮದು ತಗ್ಗಿಸುವ ಉದ್ದೇಶ ಸರಿಯಾದದ್ದೇ. ಆದರೆ ಡೈಆಕ್ಸೈಡನ್ನು ಎಲ್ಲಿ, ಹೇಗೆ, ಯಾರ ಖರ್ಚಿನಲ್ಲಿ ಹೂಳುತ್ತೇವೆಂದು ಮೊದಲೇ ಬರೆದುಕೊಡದ ಘಟಕಕ್ಕೆ ಸಾರ್ವಜನಿಕರ ಹಣ ಸಲ್ಲಬಾರದು.