ಕೂಡಿ ಓದುವ ಪರಂಪರೆಯೂ ಜಪಾನಿನ ಕಥಾಸಾಹಿತ್ಯವೂ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ಅಕ್ಷರವರಿಯದವರಿಗೂ ಕೋಶವನ್ನು ತೆರೆದುಕೊಟ್ಟದ್ದು ನಮ್ಮ ನಾಡಿನ ವಾಚನ-ವ್ಯಾಖ್ಯಾನ ಪದ್ಧತಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಶ್ರಾವಣ ಬಂದಿತೆಂದರೆ ಮಠದ ಅಂಗಳದಲ್ಲೋ ಗುಡಿಯ ಜಗಲಿಯಲ್ಲೋ ಒಬ್ಬರು ಓದುವುದು, ಮತ್ತೊಬ್ಬರು ಅರ್ಥ ಹೇಳುವುದು, ಉಳಿದವರು ಕುಳಿತು ಕೇಳುವುದು ರೂಢಿಯಾಗಿತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಸಮ್ಯಕ್ತ್ವ ಕೌಮುದಿ’ಯಲ್ಲಿ ಒಂದಿರುಳು ಸೆಟ್ಟಿಯೂ ಅವನ ಮಡದಿಯರೂ ಕಥೆ ಹೇಳುತ್ತಾರೆ, ಅರಸನೂ ಮಂತ್ರಿಯೂ ಕಳ್ಳನೂ ಮರೆಯಲ್ಲಿ ನಿಂತು ಕೇಳುತ್ತಾರೆ. ಕಥೆ ಕೇಳುವಲ್ಲಿ ಅರಸ, ಕಳ್ಳ ಎಂಬ ಭೇದವಿಲ್ಲ.

ಈ ಪದ್ಧತಿಯನ್ನು ಬಲ್ಲವರಿಗೆ ಜಪಾನಿನ ಕಥಾಸಾಹಿತ್ಯ ಪರಕೀಯವೆನಿಸದು. ಕನ್ನಡದಲ್ಲಿ ರನ್ನನು ‘ಅಜಿತಪುರಾಣ’ವನ್ನು ಮುಗಿಸಿದ್ದು 993ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಜಪಾನಿನ ಅರಮನೆಯ ಸೇವೆಯಲ್ಲಿದ್ದ ಮುರಸಾಕಿ ಶಿಕಿಬು ಎಂಬಾಕೆ ‘ಗೆಂಜಿಯ ಕಥೆ’ಯನ್ನು ಬರೆಯುತ್ತಿದ್ದಳು. ಗಂಡಸರು ಚೀನೀ ಬರವಣಿಗೆಯನ್ನೇ ಪಾಂಡಿತ್ಯವೆಂದು ಬಗೆದಿದ್ದ ಕಾಲದಲ್ಲಿ ಅಲ್ಲಿನ ಸ್ತ್ರೀಯರು ಮನೆಮಾತಿನಲ್ಲಿ ಬರೆದರು. 12ನೆಯ ಶತಮಾನದ ಶರಣೆಯರು ಕನ್ನಡದಲ್ಲಿ ವಚನಗಳನ್ನು ನುಡಿದುದು ಇಲ್ಲಿ ನೆನಪಿಗೆ ಬಾರದಿರದು. 54 ಅಧ್ಯಾಯಗಳ ಈ ಕೃತಿಯಲ್ಲಿ ಗದ್ಯದ ನಡುನಡುವೆ ಸುಮಾರು 800 ಕಿರುಪದ್ಯಗಳಿವೆ. ಚಂಪೂಕಾವ್ಯಗಳನ್ನು ಓದಿದವರಿಗೆ ಇದು ಹೊಸದಲ್ಲ. ಈ ಕಥೆಯನ್ನು ಓದಿಸಿ ಕೇಳಿದ ಚಕ್ರವರ್ತಿಯು ಕರ್ತೃವಿನ ವಿದ್ವತ್ತನ್ನು ಮೆಚ್ಚಿದನೆಂದು ಮುರಸಾಕಿಯೇ ತನ್ನ ದಿನಚರಿಯಲ್ಲಿ ಬರೆದಿದ್ದಾಳೆ.

ಅದೇ ಶತಮಾನದ ‘ಸರಾಶಿನಾ ದಿನಚರಿ’ಯಲ್ಲಿ ಬರುವ ಪ್ರಸಂಗವಂತೂ ಮನಮುಟ್ಟುವಂಥದು. ರಾಜಧಾನಿಯಿಂದ ಬಹುದೂರದ ಸೀಮೆಯಲ್ಲಿ ಅಧಿಕಾರಿಯಾಗಿದ್ದವನ ಮಗಳೊಬ್ಬಳು ಅಕ್ಕನೂ ಮಲತಾಯಿಯೂ ನೆನಪಿನಿಂದ ಹೇಳಿದ ಕಥೆಯ ತುಣುಕುಗಳನ್ನು ಕೇಳಿ ತಣಿಯದೆ, ತನ್ನಷ್ಟೇ ಎತ್ತರದ ಬುದ್ಧಮೂರ್ತಿಯನ್ನು ಮಾಡಿಸಿ, ಕಥೆಗಳನ್ನೆಲ್ಲ ಓದುವ ಭಾಗ್ಯ ಕೊಡೆಂದು ಬೇಡಿದಳು. ಮುಂದೆ ರಾಜಧಾನಿಗೆ ಬಂದಾಗ ಬಂಧುವೊಬ್ಬಳು ಗೆಂಜಿಯ ಐವತ್ತಕ್ಕೂ ಹೆಚ್ಚು ಭಾಗಗಳನ್ನು ಕೊಟ್ಟಳು. ಹಗಲಿರುಳೂ ಓದಿದ ಆ ಬಾಲೆಗೆ ಮಹಾರಾಣಿಯ ಪದವಿಯೂ ತೃಣವಾಯಿತು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯ ಮಗುವಿಗೂ ಇಂಥ ಹಸಿವಿರಲಾರದೆ? ಕಿವಿಗೆ ಬಿದ್ದ ಕಥೆಯೇ ಓದಿನ ಹಸಿವಿಗೆ ಬೀಜ.

ಇಂದು ಪುರಾಣವಾಚನ ವಿರಳವಾಗಿದೆ. ಗ್ರಂಥಾಲಯದ ಬೀರುಗಳಿಗೆ ಬೀಗ ಬಿದ್ದರೆ ಕೇಳುವವರಿಲ್ಲ. ಆದುದರಿಂದ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಸೇರಿ, ಒಂದು ಗ್ರಂಥವನ್ನು ಹಿಡಿದರೆ ಮುಗಿಸದೆ ಬಿಡೆವೆಂಬ ಪಂಥವನ್ನು ತೊಡುವುದು ಉಚಿತ. ಮಕ್ಕಳೊಡನೆ ಆರಂಭಿಸಲು ತೆತ್ಸುಕೊ ಕುರೊಯಾನಗಿ ಅವರ ‘ತೊತ್ತೊ-ಚಾನ್’ ಕನ್ನಡದಲ್ಲಿಯೇ ದೊರೆಯುತ್ತದೆ. 1981ರಲ್ಲಿ ಜಪಾನಿನಲ್ಲಿ ಪ್ರಕಟವಾದ ಇದು ಕಲ್ಪಿತ ಕಥೆಯಲ್ಲ, ಕಥೆಯಂತೆ ನಿರೂಪಿತವಾದ ಬಾಲ್ಯ. ಹಿರಿಯರಿಗೆ ಎಡ್ವರ್ಡ್ ಸೈಡೆನ್‌ಸ್ಟಿಕರ್ ಅವರು 1976ರಲ್ಲಿ ಪ್ರಕಟಿಸಿದ ಗೆಂಜಿಯ ಸಂಪೂರ್ಣ ಇಂಗ್ಲಿಷ್ ಅನುವಾದವಿದೆ. ಇಂಗ್ಲಿಷ್ ಬಲ್ಲವರು ಓದಲಿ, ಇನ್ನೊಬ್ಬರು ಕನ್ನಡದಲ್ಲಿ ವ್ಯಾಖ್ಯಾನಿಸಲಿ. ವಾರಕ್ಕೊಂದು ಅಧ್ಯಾಯದಂತೆ ವರ್ಷವೊಂದಕ್ಕೆ ತುಸು ಮೇಲೆ ಮುಗಿಯುತ್ತದೆ. ದಾನಿಗಳು ಕೊಡುವ ಪುಸ್ತಕ ಸಾರ್ಥಕವಾಗುವುದು ಅದನ್ನು ಓದುವ ದನಿ, ಕೇಳುವ ಕಿವಿ ಇದ್ದಾಗಲೇ.

‘ತೊತ್ತೊ-ಚಾನ್’ ಕೃತಿಯ ಮುಖ್ಯೋಪಾಧ್ಯಾಯರು ಹೊಸದಾಗಿ ಬಂದ ಪುಟ್ಟ ಬಾಲಕಿಯ ಮಾತನ್ನು ನಾಲ್ಕು ಗಂಟೆಗಳ ಕಾಲ ಬೇಸರಿಸದೆ ಕೇಳಿದರು. ಕೂಡಿ ಓದುವ ಶಾಲೆಯಲ್ಲಿ ಗುರುವಾದವನು ಮೊದಲು ಕಲಿಯಬೇಕಾದ ವಿದ್ಯೆಯೂ ಅದೇ.