ಲೋಹದ ಕಾಲು, ಎರಡು ಲೋಲಕ

1931ರ ಡಿಸೆಂಬರ್ 14ರಂದು ಬ್ರಿಟಿಷ್ ವಾಯುಪಡೆಯ ಪೈಲಟ್ ಡಗ್ಲಸ್ ಬೇಡರ್ ನೆಲಕ್ಕೆ ತೀರಾ ಸಮೀಪದಲ್ಲಿ ಕಸರತ್ತು ಮಾಡಲು ಹೋಗಿ ವಿಮಾನ ಅಪಘಾತಕ್ಕೀಡಾದರು. ಆಗ ಅವರಿಗೆ 21 ವರ್ಷ. ಎರಡೂ ಕಾಲುಗಳನ್ನು ಕತ್ತರಿಸಬೇಕಾಯಿತು, ಬಲಗಾಲನ್ನಂತೂ ಮಂಡಿಯ ಮೇಲಕ್ಕೇ. ಲೋಹದ ಕಾಲುಗಳ ಮೇಲೆ ನಡೆಯಲು ಕಲಿತ ಬೇಡರ್ ಗಾಲ್ಫ್ ಆಡಲು ಹೊರಟರು. ಕೋಲು ಬೀಸಿದರು, ಬಿದ್ದರು. ಎದ್ದು ಮತ್ತೆ ಬೀಸಿದರು, ಮತ್ತೆ ಬಿದ್ದರು.

ಬಿದ್ದದ್ದೇಕೆ? ಪಿಯುಸಿಯಲ್ಲಿ ಕಲಿಯುವ ಸೂತ್ರವೇ ಉತ್ತರ ಹೇಳುತ್ತದೆ. ಗಾಲ್ಫ್ ಕೋಲಿನ ತಲೆಯ ತೂಕ ಸುಮಾರು 200 ಗ್ರಾಂ. ನುರಿತ ಆಟಗಾರನ ಕೈಯಲ್ಲಿ ಅದರ ವೇಗ ಸೆಕೆಂಡಿಗೆ 50 ಮೀಟರ್. ಅದು ಸಾಗುವ ವೃತ್ತದ ತ್ರಿಜ್ಯ ಒಂದೂಕಾಲು ಮೀಟರ್ ಎಂದು ಹಿಡಿಯೋಣ. ವೇಗದ ವರ್ಗವನ್ನು ರಾಶಿಯಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದರೆ 400 ನ್ಯೂಟನ್ ಬರುತ್ತದೆ. ಅಂದರೆ ಚೆಂಡಿಗೆ ತಾಗುವ ಹೊತ್ತಿಗೆ 40 ಕಿಲೋ ಭಾರವೊಂದು ಆಟಗಾರನ ಕೈ ಹಿಡಿದು ಜಗ್ಗಿದಂತೆ! ಕಾಲಿರುವವರು ಪಾದ, ಕೀಲು, ಸೊಂಟಗಳಿಂದ ಅದನ್ನು ತಡೆಯುತ್ತಾರೆ, ತಡೆಯುತ್ತಿದ್ದೇವೆಂಬುದು ಅವರ ಗಮನಕ್ಕೂ ಬರುವುದಿಲ್ಲ. ಲೋಹದ ಪಾದಕ್ಕೆ ಆ ಉಪಾಯ ತಿಳಿಯದು.

ಇನ್ನೊಂದು ಲೆಕ್ಕ ನೋಡಿ. ವೇಗವನ್ನು 40 ಮೀಟರಿಗೆ ಇಳಿಸಿದರೆ ಎಳೆತ 256 ನ್ಯೂಟನ್‌ಗೆ ಇಳಿಯುತ್ತದೆ. ಬಿಟ್ಟುಕೊಟ್ಟದ್ದು ಐದನೇ ಒಂದು ಭಾಗ ವೇಗ, ತಪ್ಪಿದ್ದು ಮೂರನೇ ಒಂದಕ್ಕಿಂತ ಹೆಚ್ಚು ಎಳೆತ. ಇದೇನು ನಷ್ಟದ ವ್ಯಾಪಾರವಲ್ಲ.

ಹಾಗಾದರೆ ಇರುವ ಶಕ್ತಿಯಲ್ಲೇ ವೇಗ ಪಡೆಯುವುದು ಹೇಗೆ? ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಹೊಡೆತವನ್ನು ಜೋಡಿ ಲೋಲಕವಾಗಿ ವಿವರಿಸಿದರು. ಎದೆಯ ಮೇಲ್ಭಾಗದ ಸುತ್ತ ತೂಗುವ ತೋಳು ಒಂದು ಲೋಲಕ, ಮಣಿಕಟ್ಟಿನಲ್ಲಿ ತೂಗುವ ಕೋಲು ಇನ್ನೊಂದು. ಮಣಿಕಟ್ಟು ಸರಿಯಾದ ಗಳಿಗೆಯಲ್ಲಿ ಬಿಚ್ಚಿಕೊಂಡರೆ ತೋಳು ನಿಧಾನವಾಗಿ, ಅದರ ಶಕ್ತಿ ಕೋಲಿಗೆ ಹರಿಯುತ್ತದೆ. ಎತ್ತಿನ ಗಾಡಿಯವನ ಚಾಟಿಯ ತುದಿ ಚಟೀರೆನ್ನುವುದೂ ಹೀಗೆಯೇ. ಇಲ್ಲಿ ತೋಳಿನ ಬಲಕ್ಕಿಂತ ಹೊತ್ತು ಮುಖ್ಯ.

ಇಂದು ಕೀಲುಗಳ ಮೇಲೆ ಗುರುತು ಅಂಟಿಸಿ ಕ್ಯಾಮೆರಾಗಳಿಂದ ಚಲನೆಯನ್ನು ಸೆರೆಹಿಡಿದು, ಪಾದದಡಿಯ ಬಲವನ್ನು ಅಳೆದು, ಕಂಪ್ಯೂಟರಿನಲ್ಲಿ ಇಡೀ ದೇಹದ ಮಾದರಿ ಕಟ್ಟುತ್ತಾರೆ. ಆದರೆ ಕೃತಕ ಕಾಲಿನ ತೂಕ ಬೇರೆ, ಅದರ ಪಾದ ನೆಲವನ್ನು ತಳ್ಳುವ ರೀತಿ ಬೇರೆ. ಗಾಲಿಕುರ್ಚಿಯ ಆಟಗಾರನಿಗೆ ಬೆನ್ನುಹುರಿಗೆ ಪೆಟ್ಟಾದ ಜಾಗದ ಮೇಲೆ ಮುಂಡ ಎಷ್ಟು ತಿರುಗೀತೆಂಬುದು ನಿಂತಿದೆ. ಎಲ್ಲರಿಗೂ ಒಂದೇ ಅಳತೆಯ ಮಾದರಿ ಹಿಡಿದು 'ಸೊಂಟ ತಿರುಗಿಸು' ಎನ್ನುವ ತರಬೇತುದಾರ ಬೇರೆ ಯಾರದೋ ದೇಹಕ್ಕೆ ಪಾಠ ಹೇಳುತ್ತಿರುತ್ತಾನೆ! ಡೊಮಿನಿಕನ್ ಗಣರಾಜ್ಯದ ಮನುಯೆಲ್ ಡಿ ಲೊಸ್ ಸಾಂಟೋಸ್ ಕೃತಕ ಕಾಲನ್ನೂ ಬಿಟ್ಟು ಒಂಟಿಕಾಲಿನಲ್ಲೇ ನಿಂತು ಹೊಡೆದು ಹೆಸರಾದವರು. ಅವರಿಗೆ ಬೇಕಾದ ಲೆಕ್ಕವೇ ಬೇರೆ.

ಇಂಥ ಯಾವ ಕಂಪ್ಯೂಟರೂ ಇಲ್ಲದ ಕಾಲದಲ್ಲಿ ಬೇಡರ್ ಬಿದ್ದು ಬಿದ್ದೇ ತಮ್ಮ ಬೀಸು ಕಂಡುಕೊಂಡರು. 1982ರಲ್ಲಿ ತೀರಿಕೊಂಡ ಅವರು ಆ ವರ್ಷವೂ ಗಾಲ್ಫ್ ಆಡಿದ್ದರು.