ಹಳೆಯ ಮೋಟಾರಿಗೆ ಹೊಸ ಇಂಜಿನು: ಮಾಪಕಗಳ ವಿಚಾರ

ಮನೆಯ ಹಿರಿಯರು ಕೊಂಡು, ಮದುವೆಗಳಿಗೂ ಜಾತ್ರೆಗಳಿಗೂ ಓಡಿಸಿದ ಮೋಟಾರು ಗಾಡಿಯನ್ನು ಹಳೆಯದಾಯಿತೆಂಬ ಒಂದೇ ಕಾರಣಕ್ಕೆ ಮಾರಲೊಲ್ಲದ ಗೃಹಸ್ಥರು ನಮ್ಮಲ್ಲಿ ಅನೇಕರುಂಟು. ಅಂಥ ಗಾಡಿಗಳಲ್ಲಿ ಅಗ್ರಸ್ಥಾನವು ಅಂಬಾಸಡರಿಗೆ ಸಲ್ಲತಕ್ಕದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮಾದರಿಯನ್ನನುಸರಿಸಿ, ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು ೧೯೫೦ರ ದಶಕದ ಕೊನೆಯಿಂದ ತಯಾರಿಸುತ್ತ ಬಂದ ಈ ಗಾಡಿಯ ಉತ್ಪಾದನೆಯು ೨೦೧೪ರಲ್ಲಿ ನಿಂತುಹೋಯಿತು. ಗಾಡಿಯ ಮೈಕಟ್ಟು ಗಟ್ಟಿಯಾಗಿಯೇ ಉಳಿದು, ಅದರ ೧೪೮೯ ಸಿ.ಸಿ. ಪೆಟ್ರೋಲು ಇಂಜಿನು ಸವೆದುಹೋದಾಗ, ೧೯೯೦ರ ದಶಕದಲ್ಲಿ ಇದೇ ಗಾಡಿಗೆ ಕಾರ್ಖಾನೆಯಲ್ಲಿಯೇ ಕೂಡಿಸುತ್ತಿದ್ದ ೧೮೧೭ ಸಿ.ಸಿ. ಇಸುಜು ಇಂಜಿನನ್ನೂ ಅದರ ಐದು ಗೇರುಗಳ ಪೆಟ್ಟಿಗೆಯನ್ನೂ ಅಳವಡಿಸಿಕೊಳ್ಳುವುದುಂಟು. ಹೀಗೆ ಹೃದಯವನ್ನು ಬದಲಾಯಿಸುವಾಗ ನಾಡಿ ನೋಡುವ ಸಾಧನಗಳನ್ನೂ ಕೂಡಿಸಿಕೊಳ್ಳಬೇಕೆಂಬ ವಿಚಾರವನ್ನು ಈ ಲೇಖನದಲ್ಲಿ ವಾಚಕರ ಮುಂದಿಡುತ್ತೇವೆ.

'ಡ್ಯಾಶ್‌ಬೋರ್ಡು' ಎಂಬ ಮಾತು ಕುದುರೆಗಾಡಿಯ ಕಾಲದ್ದು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸಾರಥಿಯ ಮೇಲೆ ಬೀಳದಂತೆ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರಿದ್ದಿತು. ಮೋಟಾರು ಬಂದ ಮೇಲೆ ಹಲಗೆ ಉಳಿಯಿತು, ಕೆಸರು ಹೋಯಿತು. ಆ ಸ್ಥಳವನ್ನು ಮಾಪಕಗಳು ಆಕ್ರಮಿಸಿದವು. ೧೯೦೮ರಲ್ಲಿ ಹೊರಬಂದ ಫೋರ್ಡ್ ಕಂಪೆನಿಯ 'ಟಿ' ಮಾದರಿಯಲ್ಲಿ ಎಣ್ಣೆಯ ಒತ್ತಡವನ್ನಾಗಲಿ ನೀರಿನ ಶಾಖವನ್ನಾಗಲಿ ತೋರಿಸುವ ಸಾಧನವಿರಲಿಲ್ಲ. ಅನಂತರ ಒಂದೊಂದಾಗಿ ಬಂದ ಮಾಪಕಗಳಲ್ಲಿ ಕೆಲವನ್ನು ತೆಗೆದು, ಅವುಗಳ ಬದಲು ಕೆಂಪು ದೀಪಗಳನ್ನಿಡುವ ಪದ್ಧತಿಯು ೧೯೩೦ರ ದಶಕದಿಂದ ಹಬ್ಬಿತು. ದೀಪಕ್ಕೂ ಮುಳ್ಳಿಗೂ ಇರುವ ಅಂತರವನ್ನು ಗೃಹಸ್ಥನು ಚೆನ್ನಾಗಿ ತಿಳಿದಿರಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಕೂಗುವವನು ದೀಪ. ಹೊಗೆ ಏಳುವಾಗಲೇ ಬಂದು ಹೇಳುವವನು ಮುಳ್ಳು.

ಇಂಜಿನು ಬದಲಾಯಿಸುವ ಸಮಯವೇ ಮಾಪಕಗಳನ್ನು ಕೂಡಿಸಲು ಯೋಗ್ಯವಾದುದೇಕೆ? ಇಂಜಿನು ಹೊರಗಿರುವಾಗ ಎಣ್ಣೆಯ ಹಾಗೂ ನೀರಿನ ರಂಧ್ರಗಳು ಕೈಗೆಟಕುವಂತಿರುತ್ತವೆ. ತಂತಿಗಳನ್ನು ಹೇಗೂ ಬಿಚ್ಚಲೇಬೇಕಾಗುತ್ತದೆ. ಒಮ್ಮೆ ಕೊಡುವ ಕೂಲಿಯಲ್ಲಿಯೇ ಎರಡು ಕೆಲಸಗಳಾಗುವುವು. ಇದಕ್ಕಿಂತ ಮುಖ್ಯವಾದ ಕಾರಣವೊಂದುಂಟು. ಹೊಸದಾಗಿ ಬಂದ ಇಂಜಿನು ಬಹುಮಟ್ಟಿಗೆ ಬೇರೊಂದು ಗಾಡಿಯಿಂದ ಇಳಿಸಿದುದೇ ಆಗಿರುತ್ತದೆ; ಅದರ ಪೂರ್ವಚರಿತ್ರೆ ಕೊಂಡವನಿಗೆ ತಿಳಿಯದು. ಹಳೆಯ ರೇಡಿಯೇಟರು ಹೊಸ ಇಂಜಿನಿನ ಶಾಖಕ್ಕೆ ಸಾಲುವುದೋ ಇಲ್ಲವೋ ಎಂಬುದನ್ನು ಚಾರ್ಮಾಡಿ ಅಥವಾ ಆಗುಂಬೆಯ ಘಟ್ಟದ ತಿರುವುಗಳೇ ಪರೀಕ್ಷಿಸುವುವು. ಮಕ್ಕಳುಮರಿಗಳೊಂದಿಗೆ ಘಟ್ಟದ ನಡುವೆ ಸಂಜೆಯ ವೇಳೆ ನಿಂತುಹೋಗುವುದಕ್ಕಿಂತ, ಮುಳ್ಳು ಏರುತ್ತಿರುವುದನ್ನು ಕೆಳಗಣ ತಿರುವಿನಲ್ಲಿಯೇ ಕಂಡು ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸುವುದು ಮೇಲಲ್ಲವೇ?

ಮೊದಲನೆಯದು ಎಣ್ಣೆಯ ಒತ್ತಡದ ಮಾಪಕ. ಸಾಮಾನ್ಯವಾಗಿ ಎಚ್ಚರಿಕೆಯ ದೀಪವು ಹತ್ತುವುದು ಒತ್ತಡವು ಚದರ ಅಂಗುಲಕ್ಕೆ ಸುಮಾರು ೫ರಿಂದ ೧೦ ಪೌಂಡುಗಳಿಗೆ ಇಳಿದ ಬಳಿಕವೇ. ಕಾದ ಇಂಜಿನು ರಸ್ತೆಯಲ್ಲಿ ಓಡುವಾಗ ೪೦–೫೦ ಪೌಂಡು ಇರಬೇಕಾದ ಒತ್ತಡವು ೨೦ಕ್ಕೆ ಇಳಿದರೂ ದೀಪವು ಮೌನವಾಗಿಯೇ ಇರುವುದು. ಅಷ್ಟರಲ್ಲಿ ಬೇರಿಂಗುಗಳು ಸವೆಯುತ್ತಿರುವುವು. ಆದುದರಿಂದ ದೀಪವನ್ನು ತೆಗೆಯದೆ, ಕವಲು ಜೋಡಣೆಯಿಂದ ದೀಪವನ್ನೂ ಮಾಪಕವನ್ನೂ ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಕಣ್ಣು ರಸ್ತೆಯ ಮೇಲಿರುವಾಗ ದೀಪವು ಎಚ್ಚರಿಸುತ್ತದೆ.

ಈ ಮಾಪಕವು ಎರಡು ಬಗೆಯದು. ಒಂದರಲ್ಲಿ ಸಣ್ಣ ಕೊಳವೆಯ ಮೂಲಕ ಎಣ್ಣೆಯೇ ಡ್ಯಾಶ್‌ಬೋರ್ಡಿನ ವರೆಗೆ ಬಂದು, ಒಳಗಿನ ಬಾಗಿದ ಕೊಳವೆಯನ್ನು ಬಿಡಿಸಿ ಮುಳ್ಳನ್ನು ತಿರುಗಿಸುವುದು. ಈ ಉಪಾಯಕ್ಕೆ ಪ್ಯಾರಿಸಿನ ಯೂಜೀನ್ ಬೂರ್ದೋನನು ೧೮೪೯ರಲ್ಲಿ ಹಕ್ಕುಪತ್ರ ಪಡೆದನು. ಇದು ನಂಬಿಕೆಗೆ ಅರ್ಹವಾದುದು. ಆದರೆ ಕೊಳವೆ ಉಜ್ಜಿ ಒಡೆದರೆ ಕಾದ ಎಣ್ಣೆಯು ಕುಳಿತವರ ಕಾಲಿನ ಮೇಲೆ ಚಿಮ್ಮುವುದು. ಆದಕಾರಣ ಕೊಳವೆಯು ಲೋಹದ ಗೋಡೆಯನ್ನು ದಾಟುವೆಡೆ ರಬ್ಬರಿನ ಬಳೆ ಇರಲೇಬೇಕು. ಎರಡನೆಯ ಬಗೆಯದರಲ್ಲಿ ಇಂಜಿನಿನ ಮೇಲೆ ಕುಳಿತ 'ಸೆಂಡರ್' ಎಂಬ ಸಾಧನವು ವಿದ್ಯುತ್ತಿನ ಮೂಲಕ ಸುದ್ದಿ ಕಳಿಸುವುದು. ಮನೆಬಳಕೆಯ ಗಾಡಿಗೆ ಇದೇ ಕ್ಷೇಮವೆಂದು ನಮ್ಮ ಅಭಿಪ್ರಾಯ.

ಆದರೆ ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಸೆಂಡರೂ ಮಾಪಕವೂ ಒಂದೇ ಜೋಡಿಯವಾಗಿರಬೇಕು. ಯೂರೋಪಿನ ಒಂದು ಪದ್ಧತಿಯಲ್ಲಿ ಒತ್ತಡ ಏರಿದಂತೆ ತಡೆಯು ೧೦ ಓಮಿನಿಂದ ೧೮೦ಕ್ಕೆ ಏರುವುದು. ಅಮೆರಿಕದ ಪದ್ಧತಿಯಲ್ಲಿ ೨೪೦ರಿಂದ ೩೩ಕ್ಕೆ ಇಳಿಯುವುದು. ಒಂದರ ಸೆಂಡರನ್ನು ಇನ್ನೊಂದರ ಮಾಪಕಕ್ಕೆ ಸೇರಿಸಿದರೆ ಮುಳ್ಳು ತಲೆಕೆಳಗಾಗಿ ಸಾಕ್ಷಿ ನುಡಿಯುವುದು. ಎರಡನೆಯದಾಗಿ, ಮರೆಯ ಹೋಲಿಕೆ. ಜಪಾನಿನ ಇಂಜಿನುಗಳಲ್ಲಿ ಹೆಚ್ಚಾಗಿ ಕಾಣುವ ಬ್ರಿಟಿಷ್ ಪದ್ಧತಿಯ ಕಾಲಂಗುಲ-ಅರ್ಧದ ಕೊಳವೆ ಮರೆಗೆ ಅಂಗುಲಕ್ಕೆ ೨೮ ಸುತ್ತುಗಳು. ಅದೇ ಅಳತೆಯ ಅಮೆರಿಕದ ಮರೆಗೆ ೨೭. ಒಂದರಲ್ಲೊಂದು ಎರಡು ಸುತ್ತು ಸರಾಗವಾಗಿ ಹೋಗುವುದರಿಂದಲೇ ಮೋಸ. ಬಲವಂತಮಾಡಿದರೆ ಇಂಜಿನಿನ ಮರೆಯೇ ಹಾಳಾಗುವುದು. ಮೂರನೆಯದಾಗಿ, ಒಂಟಿ ತಂತಿಯ ಸೆಂಡರು ತನ್ನ ಮರೆಯ ಮೂಲಕವೇ ಇಂಜಿನಿನ ಲೋಹಕ್ಕೆ ವಿದ್ಯುತ್ ಸಂಪರ್ಕ ಪಡೆಯುವುದು. ಸೋರಿಕೆಯ ಭಯದಿಂದ ಬಿಳಿಯ ಟೇಪನ್ನು ಧಾರಾಳವಾಗಿ ಸುತ್ತಿದರೆ ಆ ಸಂಪರ್ಕ ಕಡಿದು, ಮಾಪಕವು ಕೆಟ್ಟಿತೆಂಬ ಭ್ರಾಂತಿಯುಂಟಾಗುವುದು.

ಎರಡನೆಯದು ಶಾಖದ ಮಾಪಕ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು ೧೦೦ ಡಿಗ್ರಿಯಲ್ಲಿ. ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ೯೭ ಡಿಗ್ರಿಯ ಆಸುಪಾಸಿನಲ್ಲಿಯೇ. ರೇಡಿಯೇಟರಿನ ಒತ್ತಡದ ಮುಚ್ಚಳವು ಈ ಮಿತಿಯನ್ನು ಮೇಲಕ್ಕೆತ್ತುವುದು. ಅರ್ಧ ಕಿಲೋ ಒತ್ತಡದ ಮುಚ್ಚಳದಿಂದ ಸುಮಾರು ೧೦ ಡಿಗ್ರಿಗಳ ಲಾಭ. ಥರ್ಮೋಸ್ಟಾಟು ಸಾಧಾರಣವಾಗಿ ೮೨ರಿಂದ ೮೮ ಡಿಗ್ರಿಯಲ್ಲಿ ತೆರೆಯುವುದರಿಂದ ಮುಳ್ಳು ಆ ಆಸುಪಾಸಿನಲ್ಲಿ ನಿಂತರೆ ನಿಶ್ಚಿಂತೆ. ಹಳೆಯ ಇಂಜಿನಿನ ತಲೆ ಎರಕದ ಕಬ್ಬಿಣದ್ದು. ಈಚಿನ ಇಂಜಿನುಗಳದು ಬಹುತೇಕ ಅಲ್ಯೂಮಿನಿಯಮ್ಮಿನದು. ಅತಿಶಾಖಕ್ಕೆ ಇದು ಬೇಗ ಬಾಗುವುದು. ಬಾಗಿದ ತಲೆಯನ್ನು ಸರಿಪಡಿಸುವ ವೆಚ್ಚದಲ್ಲಿ ಎಲ್ಲ ಮಾಪಕಗಳನ್ನೂ ಕೊಳ್ಳಬಹುದು. ಸೆಂಡರನ್ನು ಥರ್ಮೋಸ್ಟಾಟಿನ ಕೆಳಗೆ, ಇಂಜಿನಿನ ಕಡೆಯಲ್ಲಿ, ಸದಾ ನೀರಿನಲ್ಲಿ ಮುಳುಗಿರುವ ಸ್ಥಳದಲ್ಲಿಯೇ ಕೂಡಿಸಬೇಕು. ಇನ್ನೊಂದು ಸಂಗತಿಯನ್ನು ಗಾಡಿ ನಡೆಸುವ ಮನೆಯವರೆಲ್ಲರೂ ನೆನಪಿಡತಕ್ಕದ್ದು: ನೀರೆಲ್ಲ ಸೋರಿಹೋದರೆ ಸೆಂಡರು ಬರಿಯ ಆವಿಯಲ್ಲಿರುವುದರಿಂದ ಮುಳ್ಳು ಏರುವ ಬದಲು ಇಳಿಯಬಹುದು. ಘಟ್ಟ ಹತ್ತುವಾಗ ಮುಳ್ಳು ಹಠಾತ್ತಾಗಿ ಕೆಳಗಿಳಿದರೆ ಸಂತೋಷಪಡದೆ ಗಾಡಿಯನ್ನು ನಿಲ್ಲಿಸಬೇಕು; ಆದರೆ ತಣ್ಣಗಾಗುವ ಮೊದಲು ಮುಚ್ಚಳವನ್ನು ತೆರೆಯಕೂಡದು.

ಮೂರನೆಯದು ಬ್ಯಾಟರಿಯ ಮಾಪಕ. ಬ್ರಿಟಿಷ್ ಮಾದರಿಯ ಹಳೆಯ ಗಾಡಿಗಳಲ್ಲಿ ಅನೇಕವು ಬ್ಯಾಟರಿಯ ಧನ ತುದಿಯನ್ನು ಗಾಡಿಯ ಮೈಗೆ ಜೋಡಿಸಿದಂಥವು. ಹೊಸ ಇಂಜಿನಿನೊಂದಿಗೆ ಬರುವ ಆಲ್ಟರ್ನೇಟರಿಗೆ ಋಣ ತುದಿಯೇ ಮೈಗೆ ಸೇರಿರಬೇಕು. ಇದನ್ನು ಮರೆತು ಬ್ಯಾಟರಿಯನ್ನು ಜೋಡಿಸಿದರೆ ಅದರೊಳಗಿನ ಡಯೋಡುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುವುವು. ಹಳೆಯ ಡೈನಮೋ ಇಪ್ಪತ್ತು ಇಪ್ಪತ್ತೈದು ಆಂಪಿಯರು ಕೊಡುತ್ತಿದ್ದುದರಿಂದ ೩೦ ಆಂಪಿಯರಿನ ಅಮ್ಮೀಟರು ಸಾಲುತ್ತಿದ್ದಿತು. ಆಲ್ಟರ್ನೇಟರು ೪೫ ಆಂಪಿಯರನ್ನೂ ಮೀರಬಲ್ಲದು. ಅಷ್ಟು ಪ್ರವಾಹವನ್ನು ಹಳೆಯ ತಂತಿಗಳ ಮೂಲಕ ಡ್ಯಾಶ್‌ಬೋರ್ಡಿಗೆ ಎಳೆದು ತರುವುದು ಬೆಂಕಿಗೆ ಆಹ್ವಾನವಿತ್ತಂತೆ. ಅದರ ಬದಲು ವೋಲ್ಟ್‌ಮೀಟರನ್ನಿಡುವುದು ಜಾಣತನ. ಇಂಜಿನು ನಿಂತಿರುವಾಗ ೧೨.೬ ವೋಲ್ಟಿನ ಸಮೀಪ, ಓಡುವಾಗ ೧೩.೮ರಿಂದ ೧೪.೪ರ ವರೆಗೆ ತೋರಿಸಿದರೆ ಎಲ್ಲವೂ ಕ್ಷೇಮ.

ಇಂಜಿನಿನ ಸುತ್ತುಗಳನ್ನೆಣಿಸುವ ಮಾಪಕವು ಐಚ್ಛಿಕ. ನಾಲ್ಕು ಸಿಲಿಂಡರಿನ ಪೆಟ್ರೋಲು ಇಂಜಿನಿನಲ್ಲಿ ಸುತ್ತಿಗೆ ಎರಡು ಕಿಡಿಗಳು. ಮಾಪಕವನ್ನು ತಪ್ಪಾಗಿ ಆರು ಸಿಲಿಂಡರಿಗೆ ಹೊಂದಿಸಿದ್ದರೆ ೩೦೦೦ ಸುತ್ತುಗಳನ್ನು ೨೦೦೦ವೆಂದೇ ತೋರಿಸುವುದು. ಆದರೆ ವೇಗಮಾಪಕದ ವಿಷಯ ಐಚ್ಛಿಕವಲ್ಲ. ಗೇರಿನ ಪೆಟ್ಟಿಗೆ ಬದಲಾದೊಡನೆ ಅದನ್ನು ನಡೆಸುವ ತಿರುಗುತಂತಿಯ ಲೆಕ್ಕವೂ ಬದಲಾಗಬಹುದು. ಹೆದ್ದಾರಿಯ ಮೈಲಿಗಲ್ಲುಗಳ ಪ್ರಕಾರ ೧೦ ಕಿಲೋಮೀಟರು ಕ್ರಮಿಸಿದಾಗ ಗಾಡಿಯ ಲೆಕ್ಕವು ೯ನ್ನು ತೋರಿಸಿದರೆ, ಮುಳ್ಳು ೭೨ರಲ್ಲಿರುವಾಗ ನಿಜವಾದ ವೇಗವು ಬಹುಮಟ್ಟಿಗೆ ೮೦ ಎಂದು ತಿಳಿಯಬೇಕು. ಇದನ್ನು ಸರಿಪಡಿಸಿಕೊಳ್ಳದೆ ಗಾಡಿಯನ್ನು ರಸ್ತೆಗಿಳಿಸುವುದು ತರವಲ್ಲ.

ಕೂಡಿಸುವ ಕ್ರಮದ ಬಗ್ಗೆ ಎರಡು ಮಾತು. ಮೂಲ ಹಲಗೆಯಲ್ಲಿ ರಂಧ್ರ ಕೊರೆದರೆ ಮತ್ತೆ ಮುಚ್ಚಲಾಗದು. ಅದರ ಕೆಳಗೆ ಪ್ರತ್ಯೇಕವಾದ ಸಣ್ಣ ಪಟ್ಟಿಯನ್ನು ತಿರುಪಿನಿಂದ ಬಿಗಿದು, ಮಾಪಕಗಳನ್ನು ಅದರಲ್ಲಿ ಕೂಡಿಸಿದರೆ ಗಾಡಿಯ ಹಳೆಯ ಅಂದವೂ ಉಳಿಯುವುದು. ಪಟ್ಟಿಯ ತುದಿಯು ಮೊಣಕಾಲಿಗೆ ತಗಲದಂತಿರಲಿ. ಹೊಸ ಮಾಪಕಗಳ ತಂತಿಗೆ ಪ್ರತ್ಯೇಕ ಫ್ಯೂಸನ್ನು ಕೊಡಿಸಲೇಬೇಕು. ಎಲ್ಲವೂ ಸಿದ್ಧವಾಗಿ ಇಂಜಿನು ಮೊದಲ ಬಾರಿ ಚಾಲೂ ಆದಾಗ, ಎಣ್ಣೆಯ ಮುಳ್ಳು ಕೆಲವು ಕ್ಷಣಗಳಲ್ಲಿ ಮೇಲೇಳದಿದ್ದರೆ ಒಡನೆಯೇ ನಿಲ್ಲಿಸತಕ್ಕದ್ದು. ಮೊದಲ ತಿಂಗಳಿನಲ್ಲಿ ಬೆಳಗಿನ ತಂಪಿನಲ್ಲಿ, ಊರೊಳಗಿನ ಸಂದಣಿಯಲ್ಲಿ, ಏರಿನಲ್ಲಿ ಮುಳ್ಳುಗಳು ಎಲ್ಲೆಲ್ಲಿ ನಿಲ್ಲುವುವೆಂಬುದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವುದು ಬಹಳ ಉಪಯುಕ್ತ. ಆ ಗಾಡಿಗೆ ಸಹಜವಾದುದು ಯಾವುದೆಂದು ತಿಳಿದವನಿಗೇ ಅಸಹಜವಾದುದು ಕಾಣಿಸುವುದು.

ಕಡೆಯದಾಗಿ ಕಾಗದಪತ್ರಗಳ ಮಾತು. ಇಂಜಿನಿನ ಸಂಖ್ಯೆಯು ನೋಂದಣಿ ಪತ್ರದಲ್ಲಿ ದಾಖಲಾಗಿರುವುದರಿಂದ, ಬದಲಾಯಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆದು, ಹೊಸ ಸಂಖ್ಯೆಯನ್ನು ದಾಖಲೆ ಮಾಡಿಸಿ, ವಿಮಾ ಕಂಪೆನಿಗೂ ತಿಳಿಸಬೇಕು. ಇಂಜಿನು ಮಾರಿದವನಿಂದ ರಶೀದಿ ಪಡೆಯುವುದನ್ನು ಮರೆಯಬಾರದು.

ಹಿರಿಯರ ಗಾಡಿಯನ್ನು ಉಳಿಸಿಕೊಳ್ಳುವುದು ಅಭಿಮಾನದ ಕೆಲಸ. ಆದರೆ ಅಭಿಮಾನವೊಂದೇ ಘಟ್ಟ ಹತ್ತಿಸದು. ಮನೆಮಂದಿಯನ್ನು ಕೂರಿಸಿಕೊಂಡು ಹೊರಡುವವನು ಆಗಾಗ ಆ ಮೂರು ಮುಳ್ಳುಗಳ ಕಡೆ ಕಣ್ಣು ಹಾಯಿಸುವ ಅಭ್ಯಾಸ ಮಾಡಿಕೊಂಡರೆ, ಹೊಸ ಇಂಜಿನಿಗೆ ಸುರಿದ ಹಣವೂ ಉಳಿದೀತು, ಪ್ರಯಾಣವೂ ಸುಖವಾದೀತು.